ಸೆಪ್ಟೆಂಬರ್‌ನಲ್ಲಿ ತಂಡ ಕುಸಿದರೆ ಎಲ್ಲಿ ನೋಡಬೇಕು: ಬೇಸ್‌ಬಾಲ್ ಅಭಿಮಾನಿಗೊಂದು ದೋಷ ನಿವಾರಣೆ ಕೈಪಿಡಿ

ದೂರು ಹೀಗಿದೆ. ಆಗಸ್ಟ್ ಕೊನೆ ತನಕ ಚೆನ್ನಾಗಿ ಆಡಿದ ತಂಡ ಸೆಪ್ಟೆಂಬರ್‌ನಲ್ಲಿ ದಿನ ಬಿಟ್ಟು ದಿನ ಸೋಲುತ್ತಿದೆ. ಆಟಗಾರರು ಅವರೇ, ಮ್ಯಾನೇಜರ್ ಅವರೇ, ಮೈದಾನವೂ ಅದೇ. ರಾತ್ರಿ ಹನ್ನೊಂದಕ್ಕೆ ಟಿವಿ ಆರಿಸಿ ಮಲಗಿದರೆ ನಿದ್ದೆ ಹತ್ತುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಪಾಯಿಂಟ್ಸ್ ಪಟ್ಟಿ ನೋಡಲು ಭಯ.

ನಾನು ಬಾಸ್ಟನ್ ಹತ್ತಿರ ಇದ್ದೇನೆ. ಲ್ಯಾಬ್‌ಗಳಲ್ಲಿ ಕೆಟ್ಟು ನಿಂತ ಯಂತ್ರಗಳನ್ನು ರಿಪೇರಿ ಮಾಡುವುದು ನನ್ನ ಕೆಲಸ. ಆ ಕೆಲಸದಲ್ಲಿ ಮೊದಲ ದಿನವೇ ಕಲಿಸುವ ಮಾತೊಂದಿದೆ: ಅಳೆಯದೆ ಏನನ್ನೂ ಬಿಚ್ಚಬೇಡ. 2011ರಲ್ಲಿ ನಾನು ಪ್ರಾಣದಂತೆ ಹಚ್ಚಿಕೊಂಡಿದ್ದ ರೆಡ್ ಸಾಕ್ಸ್ ತಂಡ ಕುಸಿದಾಗ ಇದೇ ಮಾತನ್ನು ಮರೆತೆ. ನನ್ನ ಹಾಗೆ ಊರಿಗೆ ಊರೇ ಮರೆತಿತ್ತು. ಹಾಗಾಗಿ ಈ ಕೈಪಿಡಿಯಲ್ಲಿ ಮೇಜಿನ ಮೇಲೆ ಬಿಚ್ಚಿಟ್ಟಿರುವುದು ಆ ತಂಡವನ್ನೇ. ನಿಮ್ಮ ತಂಡ ಬೇರೆ ಇರಬಹುದು, ನೋಡುವ ಕ್ರಮ ಒಂದೇ.

ಕ್ರಿಕೆಟ್ ಮಾತ್ರ ನೋಡಿದವರಿಗೆ ಎರಡು ಮಾತು. ಬೇಸ್‌ಬಾಲ್ ಸೀಸನ್ ಅಂದರೆ ಆರು ತಿಂಗಳಲ್ಲಿ 162 ಪಂದ್ಯ, ಹೆಚ್ಚುಕಮ್ಮಿ ದಿನಾ ಒಂದು. ಬ್ಯಾಟರ್‌ಗೆ ಚೆಂಡು ಎಸೆಯುವವನು ಪಿಚರ್, ಪಂದ್ಯ ಶುರು ಮಾಡುವ ಪಿಚರ್‌ಗೆ ಸ್ಟಾರ್ಟರ್ ಅನ್ನುತ್ತಾರೆ. ಒಂದು ತಂಡದಲ್ಲಿ ಇಂಥವರು ಐದು ಜನ. ಒಬ್ಬ ಒಂದು ದಿನ ನೂರರ ಆಸುಪಾಸು ಚೆಂಡು ಎಸೆದರೆ ಮತ್ತೆ ಅವನ ಸರದಿ ಬರುವುದು ಐದನೇ ದಿನಕ್ಕೆ. ಅವನು ಇಳಿದ ಮೇಲೆ ಒಂಬತ್ತರಲ್ಲಿ ಉಳಿದ ಇನ್ನಿಂಗ್‌ಗಳನ್ನು ಮುಗಿಸುವವರ ಗುಂಪು ಬುಲ್‌ಪೆನ್. ಇಷ್ಟು ತಿಳಿದರೆ ಮುಂದಿನದು ಅರ್ಥವಾಗುತ್ತದೆ.

ದೋಷವನ್ನು ಬರೆದುಕೊಳ್ಳಿ

"ತಂಡ ಹಾಳಾಯ್ತು" ಅನ್ನುವುದು ದೂರೇ ಹೊರತು ಅಳತೆ ಅಲ್ಲ. ಎಂದಿನಿಂದ, ಎಷ್ಟು, ಯಾರ ವಿರುದ್ಧ ಅಂತ ಬರೆದುಕೊಳ್ಳಬೇಕು.

2011ರ ರೆಡ್ ಸಾಕ್ಸ್ ಆ ವರ್ಷ ಮೊದಲ ಹನ್ನೆರಡು ಪಂದ್ಯದಲ್ಲಿ ಗೆದ್ದದ್ದು ಎರಡೇ. ಆಮೇಲೆ ಎದ್ದು ನಿಂತರು. ಆಗಸ್ಟ್ ಮುಗಿದಾಗ 83 ಗೆಲುವು, 52 ಸೋಲು. ಸೆಪ್ಟೆಂಬರ್ 3ಕ್ಕೆ ವೈಲ್ಡ್ ಕಾರ್ಡ್ (ತಮ್ಮ ಗುಂಪು, ಅಂದರೆ ಡಿವಿಷನ್, ಗೆಲ್ಲದವರಿಗೂ ಪ್ಲೇಆಫ್‌ನಲ್ಲಿ ಸಿಗುವ ಜಾಗ) ಲೆಕ್ಕದಲ್ಲಿ ಟ್ಯಾಂಪಾ ಬೇ ರೇಸ್‌ಗಿಂತ ಒಂಬತ್ತು ಪಂದ್ಯ ಮುಂದೆ. ಸೆಪ್ಟೆಂಬರ್‌ನಲ್ಲಿ ಅಷ್ಟು ಮುಂದಿದ್ದು ಪ್ಲೇಆಫ್ ತಪ್ಪಿಸಿಕೊಂಡ ತಂಡ ಅದಕ್ಕೆ ಮೊದಲು ಒಂದೂ ಇರಲಿಲ್ಲ. ಆ ತಿಂಗಳ 27 ಪಂದ್ಯದಲ್ಲಿ 20 ಸೋತರು. ಇಡೀ ತಿಂಗಳಲ್ಲಿ ಒಂದು ಸಲವೂ ಬೆನ್ನುಬೆನ್ನಿಗೆ ಎರಡು ಪಂದ್ಯ ಗೆಲ್ಲಲಿಲ್ಲ. ಕೊನೆಗೆ 90-72. ರೇಸ್ 91-71. ಒಂದೇ ಒಂದು ಪಂದ್ಯ.

ಸೋಲು ಎಲ್ಲಿ ಬಿತ್ತು ಅಂತಲೂ ಬರೆದುಕೊಳ್ಳಿ. ಬೆನ್ನಟ್ಟಿ ಬರುತ್ತಿದ್ದ ರೇಸ್ ಜೊತೆ ಏಳು ಪಂದ್ಯದಲ್ಲಿ ಆರು ಸೋಲು. ಇದು ಡಬಲ್ ಪೆಟ್ಟು: ನಾವು ಒಂದು ಇಳಿದಾಗಲೆಲ್ಲ ಅವರು ಒಂದು ಏರಿದರು. ಕೊನೆಯ ಹತ್ತು ದಿನಗಳಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ಜೊತೆ ಏಳರಲ್ಲಿ ಐದು ಸೋಲು. ಆ ವರ್ಷ 93 ಪಂದ್ಯ ಸೋತ ತಂಡ ಅದು.

ಮೊದಲ ದಿನವೇ ಬಿಚ್ಚಬಾರದ ಭಾಗ

ಕುಸಿತ ಶುರುವಾದ ಕೂಡಲೇ ಎಲ್ಲರ ಬಾಯಲ್ಲಿ ಬರುವ ಮಾತು ಒಂದೇ. "ಅವರಿಗೆ ಮನಸ್ಸಿಲ್ಲ." "ದುಡ್ಡು ಜಾಸ್ತಿ ಆಯ್ತು." ನಾನು ಪಂದ್ಯ ನೋಡುವಾಗ ಪೆನ್ಸಿಲ್ ಹಿಡಿದು ಸ್ಕೋರ್ ಪುಸ್ತಕ ತುಂಬುತ್ತೇನೆ. ಆ ತಿಂಗಳ ಒಂದು ಪುಟದ ಅಂಚಿನಲ್ಲಿ, ಸ್ಟಾರ್ಟರ್ ಜಾನ್ ಲ್ಯಾಕಿ ಹೆಸರಿನ ಪಕ್ಕ, "ಮನಸ್ಸಿಟ್ಟು ಎಸೆಯುತ್ತಿಲ್ಲ" ಅಂತ ನಾನೇ ಬರೆದಿದ್ದೇನೆ.

ಸೀಸನ್ ಮುಗಿದ ಮೇಲೆ ಅಕ್ಟೋಬರ್‌ನಲ್ಲಿ ಪತ್ರಿಕೆಯಲ್ಲಿ ಒಂದು ವರದಿ ಬಂತು. ಕೆಲವು ಸ್ಟಾರ್ಟರ್‌ಗಳು ತಮ್ಮ ಸರದಿ ಇಲ್ಲದ ದಿನ, ಪಂದ್ಯ ನಡೆಯುತ್ತಿರುವಾಗಲೇ, ಒಳಗೆ ಕೂತು ಕರಿದ ಕೋಳಿ ತಿಂದು ಬಿಯರ್ ಕುಡಿಯುತ್ತಿದ್ದರು ಅಂತ. ಊರಿನ ಜನಕ್ಕೆ ಅಷ್ಟೇ ಸಾಕಾಯಿತು. ಇವತ್ತಿಗೂ 2011 ಅಂದರೆ ಜನ ಹೇಳುವುದು ಕೋಳಿ, ಬಿಯರ್. ಅದು ಸರಿ ಅಂತ ನಾನು ಹೇಳುವುದಿಲ್ಲ, ಜೊತೆಯವರು ಆಡುವಾಗ ಹೊರಗೆ ಕೂತು ನೋಡಬೇಕು. ಆದರೆ ಕೋಳಿ ತಿಂದದ್ದಕ್ಕೆ ಚೆಂಡು ನಿಧಾನ ಆಗುವುದಿಲ್ಲ. ಮನಸ್ಸನ್ನು ಅಳೆಯುವ ಮೀಟರ್ ನಮ್ಮ ಹತ್ತಿರ ಇಲ್ಲ. ಅಳೆಯಲಾಗದ ಭಾಗವನ್ನು ಕೊನೆಗೆ ಇಟ್ಟುಕೊಳ್ಳಿ. ಅಳೆಯಬಹುದಾದ್ದೆಲ್ಲ ಸರಿ ಇದೆ ಅಂತ ಖಾತ್ರಿಯಾದ ಮೇಲೆ ಅಲ್ಲಿಗೆ ಬನ್ನಿ.

ದೋಷವೋ, ದುರಾದೃಷ್ಟವೋ?

ಒಂದು ಸುಲಭ ಲೆಕ್ಕ ಇದೆ. ತಂಡ ಹೊಡೆದ ರನ್ನುಗಳ ವರ್ಗ ತೆಗೆಯಿರಿ. ಬಿಟ್ಟುಕೊಟ್ಟ ರನ್ನುಗಳ ವರ್ಗ ತೆಗೆಯಿರಿ. ಎರಡನ್ನೂ ಕೂಡಿಸಿ, ಆ ಮೊತ್ತದಿಂದ ಮೊದಲನೆಯದನ್ನು ಭಾಗಿಸಿ. ನೂರಕ್ಕೆ ಎಷ್ಟು ಪಂದ್ಯ ಗೆಲ್ಲಬೇಕಿತ್ತು ಅನ್ನುವುದು ಹೆಚ್ಚುಕಮ್ಮಿ ಬರುತ್ತದೆ.

ಇಡೀ 2011ರಲ್ಲಿ ರೆಡ್ ಸಾಕ್ಸ್ ಹೊಡೆದದ್ದು 875 ರನ್, ಎಲ್ಲ ತಂಡಗಳಿಗಿಂತ ಜಾಸ್ತಿ. ಬಿಟ್ಟುಕೊಟ್ಟದ್ದು 737. ಲೆಕ್ಕದ ಪ್ರಕಾರ ಸುಮಾರು 95 ಪಂದ್ಯ ಗೆಲ್ಲಬೇಕಿತ್ತು, ಗೆದ್ದದ್ದು 90. ಈಗ ಸೆಪ್ಟೆಂಬರ್ ಒಂದನ್ನೇ ತೆಗೆದುಕೊಳ್ಳಿ. ಪಂದ್ಯಕ್ಕೆ ಐದೂವರೆಯ ಹತ್ತಿರ ಹೊಡೆದರು, ಆರಕ್ಕೂ ಮಿಕ್ಕಿ ಬಿಟ್ಟುಕೊಟ್ಟರು. ಆ ಲೆಕ್ಕಕ್ಕೆ 27ರಲ್ಲಿ ಸುಮಾರು 11 ಗೆಲುವು ಬರಬೇಕಿತ್ತು. ಬಂದದ್ದು ಏಳು.

ಇದನ್ನು ಸರಿಯಾಗಿ ಓದಬೇಕು. ನಾಲ್ಕು ಪಂದ್ಯ ಅದೃಷ್ಟ ಕೈಕೊಟ್ಟದ್ದರಿಂದ ಹೋಯಿತು, ಅದು ನಿಜ. ಆ ನಾಲ್ಕರಲ್ಲಿ ಎರಡು ಸಿಕ್ಕಿದ್ದರೂ ಪ್ಲೇಆಫ್‌ನಲ್ಲಿ ಇರುತ್ತಿದ್ದರು. ಆದರೆ ಅದೃಷ್ಟ ಸರಿಯಾಗಿದ್ದರೂ 27ರಲ್ಲಿ 16 ಸೋಲುತ್ತಿದ್ದರು. ಒಳಗೆ ಏನೋ ಕೆಟ್ಟಿತ್ತು, ಅದೂ ನಿಜ. ನಿಮ್ಮ ತಂಡದ ಲೆಕ್ಕ ಹಾಕಿದಾಗ ಬರಬೇಕಾದ ಗೆಲುವು ಹೆಚ್ಚಿದ್ದು ಬಂದ ಗೆಲುವು ಮಾತ್ರ ಕಮ್ಮಿ ಇದ್ದರೆ ಏನೂ ಬಿಚ್ಚಬೇಡಿ, ಸ್ವಲ್ಪ ಕಾಯಿರಿ. ಎರಡೂ ಕಮ್ಮಿ ಇದ್ದರೆ ಮುಂದೆ ಓದಿ.

ಇಲ್ಲೇ ಇನ್ನೊಂದು ಸಣ್ಣ ಪರೀಕ್ಷೆ. ಬ್ಯಾಟಿಗೆ ತಗುಲಿ ಮೈದಾನದೊಳಗೆ ಬಿದ್ದ ಚೆಂಡುಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ ಮೂವತ್ತರಷ್ಟು ಹಿಟ್ (ಬ್ಯಾಟರ್ ಔಟಾಗದೆ ಬೇಸ್ ತಲುಪುವ ಹೊಡೆತ) ಆಗುತ್ತವೆ, ಹೋಮ್ ರನ್ (ಸಿಕ್ಸರ್‌ನಂತೆ ಬೇಲಿ ದಾಟಿದ ಹೊಡೆತ) ಬಿಟ್ಟು. ನಿಮ್ಮ ಪಿಚರ್‌ಗೆ ಎರಡು ವಾರದಿಂದ ಅದು ಮೂವತ್ತೆಂಟು ಆಗಿದ್ದು, ಚೆಂಡುಗಳು ಮೆತ್ತಗೆ ಸಂದಿಯಲ್ಲಿ ನುಸುಳಿ ಹೋಗುತ್ತಿದ್ದರೆ ಪಾಪ ಅವನ ತಪ್ಪೇನಿಲ್ಲ. ಗೋಡೆಗೆ ಬಡಿಯುವಂತೆ ಹೋಗುತ್ತಿದ್ದರೆ ಅದು ಬೇರೆ ಕಥೆ.

ಬ್ಯಾಟಿಂಗ್ ನೋಡುವಾಗ ಸರಾಸರಿಯನ್ನು ನಂಬಬೇಡಿ

ಐದೂವರೆ ರನ್ ಹೊಡೆಯುವ ತಂಡದ ಬ್ಯಾಟಿಂಗ್‌ನಲ್ಲಿ ದೋಷ ಇಲ್ಲ ಅಂತ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಆದರೆ ಆ ತಿಂಗಳು ಎರಡು ಪಂದ್ಯದಲ್ಲಿ ಹದಿನೆಂಟು ಹದಿನೆಂಟು ರನ್ ಹೊಡೆದಿದ್ದರು. ಸೆಪ್ಟೆಂಬರ್ 13ಕ್ಕೆ ಟೊರಾಂಟೊ ವಿರುದ್ಧ 18-6, ಅವತ್ತು ಟಿಮ್ ವೇಕ್‌ಫೀಲ್ಡ್‌ಗೆ 200ನೇ ಗೆಲುವು. 19ಕ್ಕೆ ಬಾಲ್ಟಿಮೋರ್ ವಿರುದ್ಧ 18-9. ಅದೇ ದಿನ ಮಧ್ಯಾಹ್ನ ಅದೇ ತಂಡದ ಮುಂದೆ 6-5ರಲ್ಲಿ ಸೋತಿದ್ದರು. ಆ ಎರಡು ಹದಿನೆಂಟನ್ನು ತೆಗೆದಿಟ್ಟರೆ ಪಂದ್ಯದ ಸರಾಸರಿ ಸುಮಾರು ಒಂದು ರನ್ ಇಳಿಯುತ್ತದೆ. ಒಂದು ದಿನ ಹೊಳೆ, ನಾಲ್ಕು ದಿನ ಬರ. ಸೋಮವಾರ ಮಿಕ್ಕ ಹನ್ನೆರಡು ರನ್ನನ್ನು ಮಂಗಳವಾರಕ್ಕೆ ಎತ್ತಿಡಲು ಆಗುವುದಿಲ್ಲ, ಅಲ್ವಾ?

ಹಾಗಾಗಿ ದಿನದ ರನ್ನುಗಳನ್ನು ಸಾಲಾಗಿ ಬರೆದು ನಡುವಿನ ಸಂಖ್ಯೆ ನೋಡಿ. ಅದು ನಾಲ್ಕರ ಕೆಳಗೆ ಬಂದರೆ ಮಾತ್ರ ಬ್ಯಾಟಿಂಗ್ ಕಡೆ ಹೋಗಿ. ಅಲ್ಲಿ ಮೊದಲು ನೋಡಬೇಕಾದ್ದು ಗಾಯ. ಕೆವಿನ್ ಯೂಕಿಲಿಸ್ ಆ ತಿಂಗಳ ಮಧ್ಯದಲ್ಲೇ ಗಾಯದಿಂದ ಹೊರಗೆ ಹೋಗಿದ್ದರು. ಜಾಕೋಬಿ ಎಲ್ಸ್‌ಬರಿ ಒಬ್ಬರೇ ಹೊತ್ತು ನಡೆದ ಹಾಗಿತ್ತು. 25ರ ರಾತ್ರಿ ನ್ಯೂಯಾರ್ಕ್‌ನಲ್ಲಿ ಹದಿನಾಲ್ಕನೇ ಇನ್ನಿಂಗ್‌ನಲ್ಲಿ ಅವರು ಹೊಡೆದ ಹೋಮ್ ರನ್‌ಗೆ ನಾನು ಮಲಗಿದ್ದ ಮಕ್ಕಳನ್ನು ಎಬ್ಬಿಸಿಬಿಟ್ಟೆ.

ಎಸೆಯುವ ಕೈ

ಮೀಟರ್ ಮುಳ್ಳು ಹಾರುವುದು ಇಲ್ಲಿ. ಆ ಸೆಪ್ಟೆಂಬರ್‌ನಲ್ಲಿ ರೆಡ್ ಸಾಕ್ಸ್ ಸ್ಟಾರ್ಟರ್‌ಗಳ ಹೆಸರಿಗೆ ಬಿದ್ದ ಲೆಕ್ಕ: 4 ಗೆಲುವು, 13 ಸೋಲು, ಒಂಬತ್ತು ಇನ್ನಿಂಗ್‌ಗೆ ಬಿಟ್ಟುಕೊಟ್ಟ ರನ್ 7.08. ಆ ವರ್ಷ ಲೀಗ್‌ನ ಸರಾಸರಿ ನಾಲ್ಕರ ಆಸುಪಾಸು. ಇದಕ್ಕಿಂತ ಸ್ಪಷ್ಟವಾದ ರೀಡಿಂಗ್ ನನ್ನ ಕೆಲಸದಲ್ಲೂ ಸಿಗುವುದು ಅಪರೂಪ.

ದಣಿದ ಕೈಯನ್ನು ಮನೆಯಲ್ಲಿ ಕೂತೇ ಗುರುತಿಸಬಹುದು. ಟಿವಿಯ ಮೂಲೆಯಲ್ಲಿ ಚೆಂಡಿನ ವೇಗ ಬರುತ್ತದೆ. ಮೊದಲ ಇನ್ನಿಂಗ್‌ನ ವೇಗ ಬರೆದುಕೊಳ್ಳಿ, ಐದನೆಯದರ ವೇಗ ಬರೆದುಕೊಳ್ಳಿ. ಏಪ್ರಿಲ್‌ನಲ್ಲಿ ಅದೇ ಪಿಚರ್‌ನ ವೇಗ ಎಷ್ಟಿತ್ತು ಅದನ್ನೂ ಹುಡುಕಿ. ಗಂಟೆಗೆ ಎರಡು ಮೈಲಿ ಇಳಿದಿದ್ದರೆ ಸುಮ್ನೆ ಬಿಡಬೇಡಿ. ವೇಗ ಇಳಿಯದಿದ್ದರೂ, ವಿಕೆಟ್ ಕೀಪರ್‌ನಂತೆ ಹಿಂದೆ ಕೂತು ಹಿಡಿಯುವ ಕ್ಯಾಚರ್‌ನ ಗ್ಲೌಸ್ ನೋಡಿ. ಮೊಣಕಾಲ ಹತ್ತಿರ ಹಿಡಿದ ಗ್ಲೌಸ್ ಚೆಂಡು ಬರುವಷ್ಟರಲ್ಲಿ ಎದೆಯ ಹತ್ತಿರ ಏರುತ್ತಿದೆಯಾ? ಕಾಲು ಸೋತು, ಕೈ ತಡವಾಗಿ ಬರುತ್ತಿದೆ ಅಂತ ಅರ್ಥ. ಮೇಲೆ ಉಳಿದ ಚೆಂಡನ್ನು ಈ ಮಟ್ಟದ ಬ್ಯಾಟರ್‌ಗಳು ಬಿಡುವುದಿಲ್ಲ.

ಇನ್ನೊಂದು ಗುರುತು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಎರಡು ಸ್ಟ್ರೈಕ್ ಆದ ಮೇಲೆ (ಮೂರಾದರೆ ಬ್ಯಾಟರ್ ಔಟ್) ಏನಾಗುತ್ತದೆ ನೋಡಿ. ಕೈ ಚೆನ್ನಾಗಿದ್ದಾಗ ಮೂರನೆಯದು ಬೇಗ ಬರುತ್ತದೆ. ದಣಿದಾಗ ಬ್ಯಾಟರ್ ಚೆಂಡನ್ನು ಗೆರೆಯಾಚೆ ಕಳಿಸಿ ಫೌಲ್, ಫೌಲ್, ಮತ್ತೆ ಫೌಲ್ ಹೊಡೆಯುತ್ತಾ ಬದುಕಿಕೊಳ್ಳುತ್ತಾನೆ. ನಾಲ್ಕನೇ ಇನ್ನಿಂಗ್ ಮುಗಿಯುವಷ್ಟರಲ್ಲಿ ಎಂಬತ್ತೈದು ಚೆಂಡು ಖರ್ಚು. ಆ ತಿಂಗಳು ನನ್ನ ಸ್ಕೋರ್ ಪುಸ್ತಕದ ಪುಟಗಳಲ್ಲಿ ಆ ಚೌಕಗಳು ಎಷ್ಟು ತುಂಬಿಹೋಗಿವೆ ಅಂದರೆ ಕೆಲವು ಕಡೆ ಪೆನ್ಸಿಲ್ ಗುರುತು ಚೌಕದ ಹೊರಗೆ ಬಂದಿದೆ. ಉತ್ತರ ನನ್ನ ಕೈಯಲ್ಲೇ ಇತ್ತು. ನಾನು ಅದನ್ನು ಓದದೆ ಅಂಚಿನಲ್ಲಿ ಮನಸ್ಸಿನ ವಿಷಯ ಬರೆಯುತ್ತಿದ್ದೆ.

ಕೈ ಯಾಕೆ ದಣಿಯಿತು ಅಂತ ಹಿಂದೆ ಹೋದರೆ ಸಿಗುವುದು ಜೂನ್ ತಿಂಗಳು. ಡೈಸುಕೆ ಮಾತ್ಸುಜಾಕಾಗೆ ಆ ತಿಂಗಳು ಮೊಣಕೈಗೆ ಟಾಮಿ ಜಾನ್ ಆಪರೇಷನ್ (ಹಾಳಾದ ಲಿಗಮೆಂಟ್ ಬದಲಿಸುವುದು) ಆಯಿತು. ಕ್ಲೇ ಬುಕೋಲ್ಟ್ಸ್ ಜೂನ್ 16ರ ಪಂದ್ಯ ಆಡಿ ಬೆನ್ನುನೋವಿಗೆ ಕೂತವರು ಮತ್ತೆ ಆ ವರ್ಷ ಬರಲೇ ಇಲ್ಲ, ಬೆನ್ನುಮೂಳೆಯಲ್ಲಿ ಬಿರುಕಿತ್ತು. ಐದರಲ್ಲಿ ಎರಡು ಭಾಗ ಹೋಯಿತು. ಸ್ಪೇರ್ ಇತ್ತಾ? 45 ವಯಸ್ಸಿನ ವೇಕ್‌ಫೀಲ್ಡ್, ಇನ್ನೂ ಎಳೆಯ ಕೈಲ್ ವೈಲ್ಯಾಂಡ್, ಜುಲೈ ಕೊನೆಗೆ ತಂದ ಎರಿಕ್ ಬೆಡಾರ್ಡ್. ಮೊದಲಿನ ಐವರಲ್ಲಿ ಉಳಿದ ಮೂವರ ಮೇಲೆ ಭಾರ ಬಿತ್ತು. ಸೆಪ್ಟೆಂಬರ್ ಮೊದಲ ವಾರದಲ್ಲಿ ಜಾಶ್ ಬೆಕೆಟ್ ಕಾಲಿನ ಗಿಣ್ಣು ಉಳುಕಿತು. ಸೆಪ್ಟೆಂಬರ್‌ನಲ್ಲಿ ಕಂಡ ದೋಷದ ಬೇರು ಜೂನ್‌ನಲ್ಲಿತ್ತು. ಜುಲೈ, ಆಗಸ್ಟ್‌ನಲ್ಲಿ ಬ್ಯಾಟಿಂಗ್ ಅದನ್ನು ಮುಚ್ಚಿತ್ತು, ಅಷ್ಟೇ. ಬೇರಿಂಗ್ ಸವೆದ ಯಂತ್ರವೂ ಹೀಗೇ, ಶಬ್ದ ಬರುವ ಮೊದಲು ತಿಂಗಳುಗಟ್ಟಲೆ ಓಡುತ್ತದೆ.

ಬುಲ್‌ಪೆನ್‌ನಲ್ಲಿ ಕಂಡ ದೋಷ ಅಲ್ಲಿಯದೇ ಅಂದುಕೊಳ್ಳಬೇಡಿ

ಸ್ಟಾರ್ಟರ್ ನಾಲ್ಕನೇ ಇನ್ನಿಂಗ್‌ಗೆ ಇಳಿದರೆ ಉಳಿದ ಐದನ್ನು ಯಾರೋ ಹೊರಬೇಕು. ದಿನಾ ಹೊತ್ತರೆ ಅವರೂ ಸೋಲುತ್ತಾರೆ. ಡೇನಿಯಲ್ ಬಾರ್ಡ್ ಮೇ ಕೊನೆಯಿಂದ ಜುಲೈ ಕೊನೆ ತನಕ ಸತತ 25 ಸಲ ಬಂದು ಒಂದೂ ರನ್ ಬಿಟ್ಟುಕೊಟ್ಟಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಅದೇ ಕೈಯಿಂದ ಪಂದ್ಯಗಳು ಜಾರಿದವು.

ಅದೇ ವರ್ಷ, ಅದೇ ತಿಂಗಳು ಅಟ್ಲಾಂಟಾ ಬ್ರೇವ್ಸ್ ಕೂಡ ಕುಸಿದರು. ಸೆಪ್ಟೆಂಬರ್ ಮೊದಲ ವಾರದಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ಗಿಂತ ಎಂಟೂವರೆ ಪಂದ್ಯ ಮುಂದಿದ್ದವರು. ಅವರ ಬುಲ್‌ಪೆನ್ ಲೆಕ್ಕ ನೋಡಿ: ಜಾನಿ ವೆಂಟರ್ಸ್ 85 ಪಂದ್ಯ, ಕ್ರೇಗ್ ಕಿಂಬ್ರೆಲ್ 79, ಎರಿಕ್ ಒಫ್ಲಾಹರ್ಟಿ 78. ಎರಡು ದಿನಕ್ಕೊಮ್ಮೆ ಎಸೆದ ಹಾಗಾಯಿತು. ಆ ವರ್ಷ ಹೊಸಬನಾಗಿ 46 ಸೇವ್ (ಮುನ್ನಡೆ ಕಾಪಾಡಿ ಪಂದ್ಯ ಮುಗಿಸುವುದು) ಮಾಡಿದ ಕಿಂಬ್ರೆಲ್ ಕೊನೆಯ ರಾತ್ರಿ ಒಂಬತ್ತನೇ ಇನ್ನಿಂಗ್‌ನಲ್ಲಿ ಮುನ್ನಡೆ ಕಾಪಾಡಲಾಗಲಿಲ್ಲ. ಬ್ರೇವ್ಸ್ ಹೊರಗೆ. ಒಳಗೆ ಬಂದ ಕಾರ್ಡಿನಲ್ಸ್ ವಿಶ್ವ ಸರಣಿಯನ್ನೇ (ವರ್ಲ್ಡ್ ಸೀರೀಸ್, ಅಂದರೆ ಫೈನಲ್) ಗೆದ್ದರು.

ನಿಮ್ಮ ಕ್ಲೋಸರ್ (ಕೊನೆಯ ಇನ್ನಿಂಗ್ ಎಸೆಯುವವನು) ಎರಡು ಪಂದ್ಯ ಕಳೆದ ಅಂತ ಬೈಯುವ ಮೊದಲು, ಹಿಂದಿನ ಹತ್ತು ದಿನದಲ್ಲಿ ಅವನು ಎಷ್ಟು ಸಲ ಬಂದ ಅಂತ ಎಣಿಸಿ. ಬುಲ್‌ಪೆನ್‌ನಲ್ಲಿ ಬರೀ ಎದ್ದು ಕೈ ಬಿಸಿ ಮಾಡಿ ಮತ್ತೆ ಕೂತದ್ದು ಯಾವ ಅಂಕಿಅಂಶದಲ್ಲೂ ಬರುವುದಿಲ್ಲ, ಅದೂ ಎಸೆತವೇ.

ಫೀಲ್ಡಿಂಗ್ ಎರರ್, ಎದುರಾಳಿ ಯಾರು, ಪ್ರಯಾಣ ಎಷ್ಟು, ಇವನ್ನು ಒಂದು ಸಲ ನೋಡಿ ಮುಂದೆ ಹೋಗಿ. ಇಡೀ ಕುಸಿತಕ್ಕೆ ಇವೇ ಕಾರಣ ಆಗುವುದು ಕಮ್ಮಿ.

ರಿಪೇರಿ, ಮತ್ತು ಮಾಡಬಾರದ ರಿಪೇರಿ

1964ರ ಫಿಲಡೆಲ್ಫಿಯಾ ಫಿಲ್ಲೀಸ್ ಹನ್ನೆರಡು ಪಂದ್ಯ ಉಳಿದಾಗ ಆರೂವರೆ ಪಂದ್ಯ ಮುಂದಿದ್ದರು. ಸೋಲು ಶುರುವಾದಾಗ ಮ್ಯಾನೇಜರ್ ಜೀನ್ ಮಾಕ್ ಗಾಬರಿಯಿಂದ ತಮ್ಮ ಇಬ್ಬರು ಒಳ್ಳೆಯ ಪಿಚರ್‌ಗಳಾದ ಜಿಮ್ ಬನಿಂಗ್, ಕ್ರಿಸ್ ಶಾರ್ಟ್ ಅವರನ್ನು ಎರಡೇ ದಿನದ ವಿಶ್ರಾಂತಿಗೆ ಮತ್ತೆ ಮತ್ತೆ ಇಳಿಸಿದರು. ಸತತ ಹತ್ತು ಸೋಲು. ಒಂದು ಪಂದ್ಯದಿಂದ ಎಲ್ಲ ಹೋಯಿತು. ಬಿಸಿಯಾಗಿ ನಿಂತ ಮೋಟರಿಗೆ ಇನ್ನೂ ಜಾಸ್ತಿ ಲೋಡ್ ಕೊಟ್ಟ ಹಾಗೆ.

2000ದ ನ್ಯೂಯಾರ್ಕ್ ಯಾಂಕೀಸ್ ಕೊನೆಯ 18ರಲ್ಲಿ 15 ಸೋತರು. ಆ ಕಡೆಯ ಅಭಿಮಾನಿಗಳು ಎಷ್ಟು ನೊಂದಿರಬೇಕು. ಆದರೂ ಡಿವಿಷನ್ ಉಳಿಸಿಕೊಂಡರು, ಅಕ್ಟೋಬರ್‌ನಲ್ಲಿ ವಿಶ್ವ ಸರಣಿ ಗೆದ್ದರು. ಮುನ್ನಡೆ ಸಾಕಷ್ಟಿದ್ದರೆ ಕೈಗಳಿಗೆ ವಿಶ್ರಾಂತಿ ಕೊಡುವುದೇ ಒಳ್ಳೆಯ ರಿಪೇರಿ ಅನ್ನುವುದು ನನ್ನ ಅಭಿಪ್ರಾಯ. ಎರಡು ಪಂದ್ಯ ಹೋದರೆ ಹೋಗಲಿ.

ಈಗ ನಿಯಮವೂ ಬದಲಾಗಿದೆ. 2011ರಲ್ಲಿ ಲೀಗ್‌ಗೆ ಒಂದೇ ವೈಲ್ಡ್ ಕಾರ್ಡ್, 2022ರಿಂದ ಮೂರು. ಜಾಗ ಹೆಚ್ಚಿತು, ಆದರೆ ಸಮ ಆದರೆ ಇನ್ನೊಂದು ಪಂದ್ಯ ಆಡಿಸುವುದು ನಿಂತಿತು. ಪರಸ್ಪರ ಆಡಿದ ಪಂದ್ಯಗಳ ಲೆಕ್ಕ ನೋಡುತ್ತಾರೆ. 2025ರ ನ್ಯೂಯಾರ್ಕ್ ಮೆಟ್ಸ್ ಜೂನ್ 12ಕ್ಕೆ 45-24 ಇದ್ದರು, ಎಲ್ಲರಿಗಿಂತ ಮೇಲೆ. ಕೊನೆಗೆ 83-79ಕ್ಕೆ ಬಂದು ಸಿನ್ಸಿನಾಟಿ ಜೊತೆ ಸಮ ಆಗಿ, ಆ ಲೆಕ್ಕದಲ್ಲೇ ಹೊರಗೆ ಉಳಿದರು. ಹಾಗಾಗಿ ಮೇ ತಿಂಗಳ ಒಂದು ಸಾದಾ ಪಂದ್ಯವನ್ನೂ ಬರೆದಿಟ್ಟುಕೊಳ್ಳಿ.

ಸೆಪ್ಟೆಂಬರ್ 28

ಆ ರಾತ್ರಿ ಅಮ್ಮ ದಾವಣಗೆರೆಯಿಂದ ಬಂದು ನಮ್ಮ ಮನೆಯಲ್ಲಿದ್ದರು. ಬಾಲ್ಟಿಮೋರ್‌ನಲ್ಲಿ ಪಂದ್ಯ. ಮೂರೇ ದಿನದ ವಿಶ್ರಾಂತಿಯಲ್ಲಿ ಬಂದ ಜಾನ್ ಲೆಸ್ಟರ್ ಆರು ಇನ್ನಿಂಗ್ ಎಸೆದು ಎರಡೇ ರನ್ ಬಿಟ್ಟರು. 3-2 ಮುಂದೆ. ಏಳನೇ ಇನ್ನಿಂಗ್‌ನಲ್ಲಿ ಮಳೆ, 86 ನಿಮಿಷ ಆಟ ನಿಂತಿತು. ಅಮ್ಮ ಮಂಡಕ್ಕಿ ಒಗ್ಗರಣೆ ಮಾಡಿ ತಂದು ಪಕ್ಕ ಕೂತರು. "ಮಳೆ ಬಂದ್ರೆ ಮ್ಯಾಚ್ ಡ್ರಾ ಮಾಡಲ್ವೇನೋ ಇವರು?" ಅಂತ ಕೇಳಿದರು. ಇಲ್ಲಮ್ಮ, ಇಲ್ಲಿ ಡ್ರಾ ಇಲ್ಲ ಅಂದೆ. ಇನ್ನೊಂದು ಚಾನೆಲ್‌ನಲ್ಲಿ ರೇಸ್ ಯಾಂಕೀಸ್‌ಗೆ 7-0 ಹಿಂದಿದ್ದವರು ಸಮ ಮಾಡಿಕೊಂಡಿದ್ದರು.

ಒಂಬತ್ತನೇ ಇನ್ನಿಂಗ್, ಎರಡು ಔಟ್, ಬೇಸ್ ಮೇಲೆ ಯಾರೂ ಇಲ್ಲ. ಎಂಟು ಇನ್ನಿಂಗ್ ಮುಗಿದಾಗ ಮುಂದಿದ್ದ 77 ಪಂದ್ಯದಲ್ಲಿ ಆ ವರ್ಷ ರೆಡ್ ಸಾಕ್ಸ್ ಒಂದೂ ಸೋತಿರಲಿಲ್ಲ. ನಮ್ಮ ಕ್ಲೋಸರ್ ಜೊನಾಥನ್ ಪಾಪೆಲ್ಬಾನ್ ಎಸೆದರು. ಬಾಲ್ಟಿಮೋರ್‌ನ ಕ್ರಿಸ್ ಡೇವಿಸ್ ಡಬಲ್ (ಎರಡನೇ ಬೇಸ್ ತನಕ ತಲುಪಿಸುವ ಹೊಡೆತ). ನೋಲನ್ ರೈಮೋಲ್ಡ್ ಡಬಲ್, ಸಮ. ರಾಬರ್ಟ್ ಆಂಡಿನೋ ಎಡಕ್ಕೆ ಹೊಡೆದ ಚೆಂಡು ಕಾರ್ಲ್ ಕ್ರಾಫರ್ಡ್ ಗ್ಲೌಸಿಗೆ ತಗುಲಿ ನೆಲಕ್ಕೆ ಬಿತ್ತು. 4-3. ಕೆಲವೇ ನಿಮಿಷಕ್ಕೆ ಆ ಇನ್ನೊಂದು ಪಂದ್ಯದಲ್ಲಿ ರೇಸ್‌ನ ಇವಾನ್ ಲಾಂಗೋರಿಯಾ ಹೋಮ್ ರನ್. ಮುಗಿಯಿತು. ಬಟ್ಟಲಲ್ಲಿದ್ದ ಮಂಡಕ್ಕಿ ಮೆತ್ತಗಾಗಿತ್ತು. ಅಮ್ಮ ಏನೂ ಮಾತಾಡದೆ ಬಟ್ಟಲು ತೆಗೆದುಕೊಂಡು ಒಳಗೆ ಹೋದರು.

ಅದಾದ ಒಂದು ತಿಂಗಳಿಗೆ ಲ್ಯಾಕಿಗೆ ಟಾಮಿ ಜಾನ್ ಆಪರೇಷನ್ ಆಯಿತು. 2011ರಲ್ಲಿ ಒಂಬತ್ತು ಇನ್ನಿಂಗ್‌ಗೆ ಅವರು ಬಿಟ್ಟುಕೊಟ್ಟ ರನ್ 6.41, ಊರೆಲ್ಲ ಬೈದಿತ್ತು. ಕೆಟ್ಟಿದ್ದು ಮೊಣಕೈಯ ಲಿಗಮೆಂಟ್. 2012ರಲ್ಲಿ ಇಡೀ ವರ್ಷ ಎಸೆಯಲಿಲ್ಲ. ತಂಡ 93 ಪಂದ್ಯ ಸೋತಿತು. 2013ರಲ್ಲಿ ಬಂದರು, 3.52. ಆ ಅಕ್ಟೋಬರ್ 30ರಂದು ಫೆನ್ವೇ ಪಾರ್ಕ್‌ನಲ್ಲಿ ವಿಶ್ವ ಸರಣಿಯ ಆರನೇ ಪಂದ್ಯಕ್ಕೆ ಸ್ಟಾರ್ಟರ್ ಲ್ಯಾಕಿಯೇ. ಏಳನೇ ಇನ್ನಿಂಗ್‌ನಲ್ಲಿ ಎರಡು ಔಟ್ ತೆಗೆದು ಇಳಿಯುವಾಗ ಬಿಟ್ಟುಕೊಟ್ಟದ್ದು ಒಂದೇ ರನ್. ಜನ ಎದ್ದು ನಿಂತಿದ್ದರು. 6-1ಕ್ಕೆ ಗೆದ್ದರು. 1918ರ ನಂತರ ಸ್ವಂತ ಮೈದಾನದಲ್ಲಿ ಮೊದಲ ಸಲ.

ಅವತ್ತು ರಾತ್ರಿ ಹಳೆಯ ಸ್ಕೋರ್ ಪುಸ್ತಕ ತೆಗೆದು 2011ರ ಆ ಪುಟ ಹುಡುಕಿದೆ. ಅಂಚಿನಲ್ಲಿ ಬರೆದದ್ದನ್ನು ರಬ್ಬರಿನಿಂದ ಅಳಿಸಿ, ಅದೇ ಜಾಗದಲ್ಲಿ "ಮೊಣಕೈ" ಅಂತ ಬರೆದೆ.